ಹೊಸ ಊರಿನ ನಕ್ಷೆಯಲ್ಲಿ ಆಟದ ಕಲ್ಲಿಗೂ ಒಂದು ಜಾಗ ಕೊಡಿ

ಆಲಮಟ್ಟಿ ಹಿನ್ನೀರಿನ ಹಳ್ಳಿಗಳಿಗೆ ಹೊಸ ಊರು ಕಟ್ಟಿಕೊಡಲಿರುವ ಅಧಿಕಾರಿಗಳಿಗೆ, ನಕ್ಷೆ ಬರೆಯುವ ಎಂಜಿನಿಯರುಗಳಿಗೆ, ಮತ್ತು ಊರು ಬಿಡಲಿರುವ ಹಳ್ಳಿಗಳ ಹಿರಿಯರಿಗೆ,

ನಮಸ್ಕಾರ.

ನಾನು ಬಾಗಲಕೋಟೆ ಜಿಲ್ಲೆಯ ಒಂದು ಪುನರ್ವಸತಿ ಕೇಂದ್ರದಲ್ಲಿ ಬೆಳೆದವಳು. ಈಗ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತೇನೆ. ನಾನು ಹುಟ್ಟಿದ ಊರು ಹಿನ್ನೀರಿನ ಕೆಳಗಿದೆ. ನಾನು ಐದನೆಯ ತರಗತಿಯಲ್ಲಿದ್ದಾಗ ನಾವು ಗಂಟುಮೂಟೆ ಕಟ್ಟಿಕೊಂಡು ಹೊಸ ಊರಿಗೆ ಬಂದೆವು.

ಈಗ ಮತ್ತೆ ಅದೇ ಮಾತು ಕೇಳುತ್ತಿದೆ. ಅಣೆಕಟ್ಟಿನ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ತಯಾರಿ ನಡೆದಿದೆ. ಇದಕ್ಕೆ ಕೃಷ್ಣಾ ನದಿಯ ನೀರು ಹಂಚುವ ನ್ಯಾಯಮಂಡಳಿ 2010ರಲ್ಲೇ ಒಪ್ಪಿಗೆ ಕೊಟ್ಟಿತ್ತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಪರಿಹಾರವನ್ನೂ ತೀರ್ಮಾನಿಸಿತು. ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಭೂಮಿಗೆ 30 ಲಕ್ಷ. ಮುಳುಗುವ ಭೂಮಿ 75 ಸಾವಿರ ಎಕರೆಗಿಂತ ಜಾಸ್ತಿ. ದರದ ಬಗ್ಗೆ ಮಾತಾಡುವ ತಿಳಿದವರು ಬೇಕಾದಷ್ಟು ಜನ ಇದ್ದಾರೆ. ಅವರ ಮಾತನ್ನು ನೀವು ಕೇಳಲೇಬೇಕು. ನಾನು ಕೇಳಲು ಬಂದಿರುವುದು ಬೇರೆ. ಯಾರೂ ಕೇಳಲಿಕ್ಕಿಲ್ಲ ಎಂಬ ಭಯಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಹಳೇ ಊರಿನಲ್ಲಿ ಹನುಮಪ್ಪನ ಗುಡಿಯ ಮುಂದೆ ಒಂದು ಬೇವಿನ ಗಿಡ ಇತ್ತು. ಅದರ ಸುತ್ತ ಕಟ್ಟೆ, ಕಟ್ಟೆಯ ಮೇಲೆ ಚಪ್ಪಡಿ ಕಲ್ಲುಗಳು. ನಡುವಿನ ದೊಡ್ಡ ಚಪ್ಪಡಿಯ ಮೇಲೆ ಮೂರು ಆಟದ ಮನೆ ಕೊರೆದಿದ್ದರು. ಒಂದು ಚೌಕಾಬಾರದ್ದು, ಐದು ಸಾಲು, ಸಾಲಿಗೆ ಐದು ಮನೆ. ಇನ್ನೊಂದು ಹುಲಿ-ಕುರಿ ಆಟದ್ದು, ಗೋಪುರದ ಹಾಗೆ ಮೇಲೆ ಚೂಪು. ಮೂರನೆಯದು ಒಂದರೊಳಗೊಂದು ಮೂರು ಚೌಕ, ಮೂರು ಹರಳು ಸಾಲು ಕೂಡಿಸುವ ಆಟದ್ದು. ಯಾರು ಕೊರೆದರು, ಯಾವಾಗ ಕೊರೆದರು ಎಂದು ನಮ್ಮ ಮುತ್ಯಾನಿಗೂ, ಅಂದರೆ ಅಜ್ಜನಿಗೂ, ಗೊತ್ತಿರಲಿಲ್ಲ. "ನಮ್ಮ ಮುತ್ಯಾ ಸಣ್ಣಾಂವ ಇದ್ದಾಗೂ ಇತ್ತಂತ" ಎನ್ನುತ್ತಿದ್ದ. ಬೆರಳು ಆಡಿ ಆಡಿ ಗೀಟುಗಳ ಅಂಚು ನುಣುಪಾಗಿತ್ತು. ಮಳೆ ಬಂದು ಹೋದ ಮೇಲೆ ಗೀಟಿನಲ್ಲಿ ನೀರು ನಿಲ್ಲುತ್ತಿತ್ತು. ಆಗ ಮೂರೂ ಮನೆ ಬಿಸಿಲಿಗೆ ಮಿಂಚುತ್ತಿದ್ದವು.

ಇಂಥ ಕಲ್ಲುಗಳು ನಮ್ಮ ನಾಡಿಗೆ ಹೊಸವಲ್ಲ. ಹಂಪಿಯ ಗುಡಿ ಮಂಟಪಗಳ ನೆಲದಲ್ಲೂ ಇಂಥವು ಬೇಕಾದಷ್ಟಿವೆ. ತಿಳಿದವರು ಅವನ್ನು ಹುಡುಕಿ, ಅಳೆದು ದಾಖಲೆ ಮಾಡಿದ್ದಾರೆ. ನಮ್ಮೂರಿನ ಕಲ್ಲಿಗೆ ಆ ಭಾಗ್ಯ ಇರಲಿಲ್ಲ.

ಸರ್ವೆಗೆ ಬಂದವರು ನನಗೆ ಚೆನ್ನಾಗಿ ನೆನಪಿದ್ದಾರೆ. ನಮ್ಮ ಮನೆ ಅಳೆದರು. ದನದ ಕೊಟ್ಟಿಗೆ ಅಳೆದರು. ಹಿತ್ತಲಿನ ನುಗ್ಗೆ ಗಿಡ, ನಿಂಬೆ ಗಿಡ ಎಲ್ಲ ಬರೆದುಕೊಂಡರು. ಕಟ್ಟೆಗೂ ಟೇಪ್ ಹಿಡಿದರು. "ಕಲ್ಲಿನ ಕಟ್ಟೆ, ಇಷ್ಟು ಅಡಿ ಉದ್ದ, ಇಷ್ಟು ಅಡಿ ಅಗಲ" ಎಂದು ಬರೆದರು. ಮುತ್ಯಾ ಆ ಚಪ್ಪಡಿಯ ಮೇಲೆ ಕೈ ಇಟ್ಟು, "ಇದನ್ನೂ ಬರಕೋರಿ ಸಾಹೇಬ್ರ" ಅಂದ. ಅವರು ಅದನ್ನು ನೋಡಿದರು, ಬರೆಯಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಯಲ್ಲಿದ್ದ ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ನಮ್ಮಲ್ಲಿ ಒಂದು ಮಾತಿದೆ ಅಲ್ವಾ, ಆಟಕ್ಕುಂಟು ಲೆಕ್ಕಕ್ಕಿಲ್ಲ. ದೊಡ್ಡವರು ಇದನ್ನು ಬೈಗುಳದ ಹಾಗೆ ಬಳಸುತ್ತಾರೆ. ಮಕ್ಕಳ ನಡುವೆ ಅದು ಹಾಗಲ್ಲ. ಹುತುತು ಆಡುವಾಗ, ಚಿಣಿಪಣಿ ಆಡುವಾಗ, ನಾಲ್ಕು ವರ್ಷದ ತಮ್ಮ ನಾನೂ ಬರ್ತೀನಿ ಎಂದು ಅಳುತ್ತಾನೆ. ಆಗ ಅವನನ್ನು ಸೇರಿಸಿಕೊಳ್ಳುತ್ತಾರೆ. ಅವನು ಔಟಾದರೂ ಔಟಲ್ಲ. ಓಡಲಿ, ಬೀಳಲಿ, ನಗಲಿ. ಇಷ್ಟು ಪ್ರೀತಿಯ ನಿಯಮವನ್ನು ಯಾರೂ ಮಕ್ಕಳಿಗೆ ಕಲಿಸಿಲ್ಲ, ಅವರೇ ಮಾಡಿಕೊಂಡಿದ್ದಾರೆ. ನಮ್ಮ ಕಲ್ಲು ಮಾತ್ರ ಆ ಮಾತಿನ ಕೆಟ್ಟ ಅರ್ಥದಲ್ಲಿ ಲೆಕ್ಕದಿಂದ ಹೊರಗೆ ಉಳಿಯಿತು. ಊರು ಬಿಡುವ ದಿನ ಟ್ರ್ಯಾಕ್ಟರಿನಲ್ಲಿ ತೊಲೆ, ಕದ, ಬೀಸುವ ಕಲ್ಲು ಬಂದವು. ಆ ಚಪ್ಪಡಿ ಅಲ್ಲೇ ಉಳಿಯಿತು.

ಹೋದರೆ ಹೋಯಿತು, ಒಂದು ಕಲ್ಲು ತಾನೇ ಎಂದು ನಿಮಗೆ ಅನಿಸಬಹುದು. ಆ ಕಲ್ಲಿನ ಸುತ್ತ ಏನು ನಡೆಯುತ್ತಿತ್ತು ಎಂದು ಹೇಳುತ್ತೇನೆ.

ನಮ್ಮ ದೊಡ್ಡ ಕಾಕಾನಿಗೂ ಪಕ್ಕದ ಹೊಲದವರಿಗೂ ಬದುವಿನ ಜಗಳ. ಕೋರ್ಟಿಗೆ ಹೋಗಿದ್ದರು. ಆರು ವರ್ಷ ಮಾತಿಲ್ಲ, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗಿರಲಿಲ್ಲ. ಆದರೆ ನಾಲ್ಕು ಬದಿಯ ಚೌಕಾಬಾರಕ್ಕೆ ನಾಲ್ಕು ಜನ ಬೇಕು. ಮೂವರು ಕೂತಿದ್ದಾಗ ನಾಲ್ಕನೆಯವ ಯಾರು ಬಂದರೂ ಕೂರಿಸಿಕೊಳ್ಳುತ್ತಿದ್ದರು. ಹಾಗಾಗಿ ಎಷ್ಟೋ ಸಂಜೆ ಇಬ್ಬರೂ ಎದುರುಬದುರು ಕೂತಿರುತ್ತಿದ್ದರು. ಕವಡೆ ಹಾಕಿದ ಮೇಲೆ ಗರ ಎಷ್ಟು ಬಿತ್ತು ಎಂದು ಬಾಯಿಬಿಟ್ಟು ಹೇಳಲೇಬೇಕು. "ಮೂರು ಬಿತ್ತು." "ಎಂಟು ಬಿತ್ತು, ಇನ್ನೊಂದು ಗರ." "ಕಡೀತು ನೋಡ ನಿಂದು." ಅವರಿಬ್ಬರ ನಡುವೆ ಆರು ವರ್ಷ ನಡೆದ ಮಾತು ಇಷ್ಟೇ. ಆರನೆಯ ವರ್ಷ ಕಾಕಾನ ಮಗನಿಗೆ ರಾತ್ರಿ ಜ್ವರ ಏರಿತು. ದವಾಖಾನೆಗೆ ಒಯ್ಯಲು ಗಾಡಿ ಕಟ್ಟಿಕೊಂಡು ಬಂದವರು ಯಾರು ಗೊತ್ತಾ? ಅವರೇ. ಯಾರೂ ಯಾರ ಹತ್ತಿರವೂ ಕ್ಷಮೆ ಕೇಳಲಿಲ್ಲ. ದಿನಾ ಸಂಜೆ ಗರ ಹೇಳಿಕೊಂಡವರಿಗೆ ಅದರ ಅಗತ್ಯವೇ ಬೀಳಲಿಲ್ಲ.

ಹೊಸ ಊರಿನಲ್ಲಿ ಚೀಟಿ ಎತ್ತಿ ಪ್ಲಾಟ್ ಹಂಚಿದರು. ಕಾಕಾ ಈ ತುದಿಗೆ, ಅವರು ಆ ತುದಿಗೆ. ನಡುವೆ ಅಗಲವಾದ ರಸ್ತೆಗಳು. ಗುಡಿ ಕಟ್ಟಿಕೊಟ್ಟರು, ಶಾಲೆ ಕಟ್ಟಿಕೊಟ್ಟರು, ನೀರಿನ ಟ್ಯಾಂಕ್ ಕಟ್ಟಿಕೊಟ್ಟರು. ಅದಕ್ಕೆಲ್ಲ ನಾವು ಋಣಿಗಳು. ಆದರೆ ಹತ್ತು ಜನ ನೆರಳಲ್ಲಿ ಸುಮ್ನೆ ಕೂರುವ ಒಂದು ಜಾಗ ಇರಲಿಲ್ಲ. ಹಿರಿಯರು ರಸ್ತೆ ಬದಿಯ ಮೋರಿಯ ಮೇಲೆ ಸಾಲಾಗಿ ಕೂರುತ್ತಿದ್ದರು. ಸಾಲಾಗಿ ಕೂತವರ ಮುಖ ರಸ್ತೆಯ ಕಡೆ ಇರುತ್ತದೆ. ಆಟಕ್ಕೆ ಕೂತವರ ಮುಖ ಒಬ್ಬರ ಕಡೆ ಒಬ್ಬರದು ಇರುತ್ತದೆ. ಆ ಪಕ್ಕದ ಹೊಲದವರು ತೀರಿಕೊಂಡ ಸುದ್ದಿ ಕಾಕಾನಿಗೆ ಗೊತ್ತಾದದ್ದು ಮಾರನೆಯ ದಿನ, ಮಣ್ಣಾದ ಮೇಲೆ. ಒಂದೇ ಊರಿನಲ್ಲಿ. ಆ ದಿನ ಕಾಕಾ ಊಟ ಮಾಡಲಿಲ್ಲ.

ಆಟದ ಮಾತುಗಳನ್ನೇ ಒಮ್ಮೆ ಕಿವಿಗೊಟ್ಟು ಕೇಳಿ. ನಾವು ನಡೆಸುವ ಹರಳಿಗೆ ಕಾಯಿ ಎನ್ನುತ್ತೇವೆ. ಅದು ಸುತ್ತು ಮುಗಿಸಿ ನಡುಮನೆ ಸೇರಿದರೆ ಹಣ್ಣಾಯಿತು ಎನ್ನುತ್ತೇವೆ. ಚೌಕಕ್ಕೆ ಮನೆ ಎನ್ನುತ್ತೇವೆ. ಹೊಲ ಮಾಡುವವರ, ಸಂಸಾರ ಮಾಡುವವರ ಮಾತು ಇದು. ನಮ್ಮೂರ ನಿಯಮದಲ್ಲಿ ಇನ್ನೊಬ್ಬರ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿರಲಿಲ್ಲ. ಕಡಿಸಿಕೊಂಡ ಕಾಯಿ ಮಾತ್ರ ಸಾಯುವುದಿಲ್ಲ. ತನ್ನ ಮನೆಗೆ ವಾಪಸ್ ಬಂದು ಮೊದಲಿನಿಂದ ನಡೆಯುತ್ತದೆ. ಊರು ಬಿಟ್ಟ ವರ್ಷ ನಮ್ಮ ಆಯಿ ಇದನ್ನೇ ನೆನೆದು ಅಳುತ್ತಿದ್ದಳು. "ಕಡದ ಕಾಯಿಗೂ ತಿರುಗಿ ಕೂಡಾಕ ಒಂದು ಮನಿ ಇರತೈತಿ, ನಮಗ ಅದೂ ಇಲ್ಲ" ಎನ್ನುತ್ತಿದ್ದಳು. ಅಕ್ಷರ ಬಾರದ ಮುದುಕಿ. ತನ್ನ ನೋವು ಹೇಳಿಕೊಳ್ಳಲು ಅವಳಿಗೆ ಸಿಕ್ಕ ಮಾತು ಆಟದ್ದು.

ಹುಲಿ-ಕುರಿಯೂ ಹಾಗೆಯೇ. ನಮ್ಮ ಕಡೆ ಮೂರು ಹುಲಿ, ಹದಿನೈದು ಕುರಿ ಇಟ್ಟು ಆಡುತ್ತೇವೆ. ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ. ಕುರಿಗೆ ಹಾರಲು ಬರುವುದಿಲ್ಲ, ಒಂದೊಂದೇ ಹೆಜ್ಜೆ. ಆದರೆ ಹಿಂದೆ ಒಬ್ಬ ನಿಂತಿದ್ದರೆ ಮುಂದಿನವನನ್ನು ಹುಲಿ ತಿನ್ನಲಾರದು. ಸಾಲು ಬಿಡದೆ ನಿಂತರೆ ಕೊನೆಗೆ ಹುಲಿಗೆ ಅಲ್ಲಾಡಲು ದಾರಿಯೇ ಇರುವುದಿಲ್ಲ. ನನ್ನ ಶಾಲೆಯ ಮಕ್ಕಳಿಗೆ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ಇದನ್ನು ಆಡಿಸುತ್ತೇನೆ. ಮೊದಮೊದಲು ಎಲ್ಲರಿಗೂ ಹುಲಿಯೇ ಬೇಕು. ಒಂದು ತಿಂಗಳು ಕಳೆಯಲಿ, ಜಾಣ ಮಕ್ಕಳು ತಾವಾಗಿ ಕುರಿ ಕೇಳುತ್ತಾರೆ.

ಹಬ್ಬದ ಆಟಗಳ ಮಾತು ಇನ್ನೂ ದೊಡ್ಡದು. ಕಾರಹುಣ್ಣಿಮೆಯ ದಿನ ನಮ್ಮಲ್ಲಿ ಕರಿ ಹರಿಯುತ್ತಾರೆ. ಎತ್ತುಗಳಿಗೆ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಊರ ಅಗಸಿಯ, ಅಂದರೆ ಊರಬಾಗಿಲಿನ ಕಡೆ ಓಡಿಸುತ್ತಾರೆ. ಅಗಸಿಗೆ ಅಡ್ಡ ಕಟ್ಟಿದ ಕರಿ ಹಗ್ಗವನ್ನು ಯಾವ ಎತ್ತು ಮೊದಲು ಹರಿಯುತ್ತದೆ ಎಂದು ಊರಿಗೆ ಊರೇ ನೋಡುತ್ತದೆ. ಬಿಳಿ ಎತ್ತು ಮುಂದೆ ಬಂದರೆ ಆ ವರ್ಷ ಜೋಳದಂಥ ಬಿಳಿ ಬೆಳೆ ಚೆನ್ನಾಗಿ ಬರುತ್ತದೆ, ಕೆಂದೆತ್ತು ಬಂದರೆ ಕೆಂಪು ಬೆಳೆ ಎಂದು ನಂಬಿಕೆ. ಬಿತ್ತನೆಗೆ ಮುಂಚೆ ಎಲ್ಲರ ಎದೆಯಲ್ಲಿ ಇರುವ ಪ್ರಶ್ನೆ ಒಂದೇ, ಈ ವರ್ಷ ಹೇಗೋ ಏನೋ. ಆ ಭಯವನ್ನು ಒಬ್ಬೊಬ್ಬರೇ ಮನೆಯಲ್ಲಿ ಇಟ್ಟುಕೊಂಡು ಕೂರದೆ, ಎಲ್ಲರೂ ಸೇರಿ ಅಗಸಿಯಲ್ಲಿ ನಿಂತು ಕೂಗಿ ಹಗುರ ಮಾಡಿಕೊಳ್ಳುತ್ತಿದ್ದರು ಎಂದು ನನಗೆ ಈಗ ಅನಿಸುತ್ತದೆ.

ಹೊಸ ಊರಿಗೆ ಅಗಸಿ ಇರಲಿಲ್ಲ. ನಾಲ್ಕೂ ಕಡೆಯಿಂದ ರಸ್ತೆ. ಯಾವುದು ಒಳಗೆ, ಯಾವುದು ಹೊರಗೆ? ಮೊದಲ ಕಾರಹುಣ್ಣಿಮೆಗೆ ಎರಡು ಕರೆಂಟ್ ಕಂಬಗಳ ನಡುವೆ ಹಗ್ಗ ಕಟ್ಟಿದರು. ಎತ್ತುಗಳು ಹಗ್ಗವನ್ನು ಬಿಟ್ಟು ಪಕ್ಕದ ಖಾಲಿ ಪ್ಲಾಟಿನ ಮೇಲೆ ಓಡಿಹೋದವು. ಹುಡುಗರು ನಕ್ಕರು. ಮುತ್ಯಾ ನಗಲಿಲ್ಲ, ಹಗ್ಗ ಸುತ್ತಿಕೊಂಡು ಮನೆಗೆ ನಡೆದ.

ಪಂಚಮಿಗೆ ಜೋಕಾಲಿ ಕಟ್ಟಲು ದೊಡ್ಡ ಗಿಡ ಬೇಕು. ನೆಟ್ಟ ಸಸಿ ಗಿಡವಾಗಿ ಜೋಕಾಲಿ ತಡೆಯಲು ಹದಿನೈದು ಇಪ್ಪತ್ತು ವರ್ಷ ಬೇಕಾಗುತ್ತದೆ. ಅಷ್ಟು ವರ್ಷ ತವರಿಗೆ ಬಂದ ಹೆಣ್ಣುಮಕ್ಕಳು ಮನೆಯ ತೊಲೆಗೆ ಹಗ್ಗ ಕಟ್ಟಿ ಮಕ್ಕಳನ್ನು ತೂಗಿದರು. ಅತ್ತೆಮನೆಯ ದಣಿವು ಕಳೆಯಲು ಆಕಾಶಕ್ಕೆ ಜೀಕುವುದು ಬೇರೆ, ತೊಲೆಗೆ ತೂಗುವುದು ಬೇರೆ.

ದೀಪಾವಳಿ ಪಾಡ್ಯದ ಪಗಡಿ ಮಾತ್ರ ನಮ್ಮ ಜೊತೆ ಬಂತು. ಬಟ್ಟೆಯ ಹಾಸು ಅಲ್ಲವಾ, ಮಡಚಿ ಟ್ರಂಕಿನಲ್ಲಿ ಇಟ್ಟುಕೊಂಡು ಬಂದೆವು. ಆ ದಿನಕ್ಕೆ ದ್ಯೂತ ಪ್ರತಿಪದೆ ಎಂದೇ ಹೆಸರಿದೆ. ಶಿವ ಪಾರ್ವತಿ ಪಗಡಿಯಾಡಿದ ದಿನ ಎಂದು ಹೇಳುತ್ತಾರೆ. ಎಲ್ಲೋರದ ಗುಹೆಯಲ್ಲಿ ಅವರಿಬ್ಬರೂ ಆಡುತ್ತಾ ಕೂತ ಶಿಲ್ಪ ನೋಡಿದಾಗ ನನಗೆ ನಮ್ಮ ಮನೆಯ ಪಡಸಾಲೆ ನೆನಪಾಯಿತು.

ಈಗ ಒಂದು ಕಷ್ಟದ ಮಾತು ಹೇಳಬೇಕು. ಹೇಳದಿದ್ದರೆ ಈ ಪತ್ರ ಪ್ರಾಮಾಣಿಕ ಆಗುವುದಿಲ್ಲ.

ಆ ಕಟ್ಟೆ ಎಲ್ಲರದ್ದಾಗಿರಲಿಲ್ಲ. ನಾನು ಸಣ್ಣವಳಿದ್ದಾಗ ಮುತ್ಯಾ ತೊಡೆಯ ಮೇಲೆ ಕೂರಿಸಿಕೊಂಡು ನನ್ನ ಕೈಯಿಂದ ಕವಡೆ ಹಾಕಿಸುತ್ತಿದ್ದ. ನನ್ನ ಕೈಗುಣಕ್ಕೆ ಚೆನ್ನಾಗಿ ಗರ ಬೀಳುತ್ತದೆ ಎಂದು ಅವನ ನಂಬಿಕೆ. ಒಂಬತ್ತು ತುಂಬಿದ ಮೇಲೆ ಒಬ್ಬ ಹಿರಿಯರು, "ಹೆಣ್ಣುಡುಗಿ ಕಟ್ಟಿ ಮ್ಯಾಲೆ ಯಾಕ?" ಅಂದರು. ಆಮೇಲೆ ನಾನು ದೂರದಿಂದ ನೋಡಿದೆ. ಹೆಂಗಸರ ಆಟಗಳೆಲ್ಲ ಮನೆಯೊಳಗೆ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಅಳಗುಳಿ ಮಣೆ, ಹರಳಾಟ. ಅದರಲ್ಲೂ ಸಿಕ್ಕುವುದು ಅರ್ಧ ಗಂಟೆ. ದಲಿತ ಕೇರಿಯವರು ಕಟ್ಟೆಯ ಕೆಳಗೆ ನಿಂತು ಆಟ ನೋಡುತ್ತಿದ್ದರು. ಯಾರ ಕಾಯಿ ಎಲ್ಲಿ ನಡೆಸಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಹೇಳಿಕೊಡುತ್ತಲೂ ಇದ್ದರು. ಆದರೆ ಕೂರಲಿಲ್ಲ. ಆಟದೊಳಗೆ ನಾಲ್ವರೂ ಸಮ, ಯಾರಿಗೆ ಬೇಕಾದರೂ ಎಂಟು ಬೀಳುತ್ತದೆ. ಆಟಕ್ಕೆ ಯಾರು ಕೂರಬಹುದು ಎಂಬುದರಲ್ಲಿ ಆ ಸಮಾನತೆ ಇರಲಿಲ್ಲ.

ಹಾಗಾಗಿ ಹಳೆಯದನ್ನು ಇದ್ದ ಹಾಗೆಯೇ ತಂದಿಡಿ ಎಂದು ನಾನು ಕೇಳುತ್ತಿಲ್ಲ. ನಾನು ದೂರದಿಂದ ನೋಡಿದ ಆ ಕಲ್ಲಿನ ಪಕ್ಕ ನನ್ನ ಶಾಲೆಯ ಹುಡುಗಿಯರು ಕೂರಬೇಕು. ಊರು ಹೊಸದಾಗಿ ಕಟ್ಟುವಾಗ ಅದಕ್ಕೆ ದಾರಿ ಇದೆ. ಕಟ್ಟೆ ಯಾರ ಮನೆಯ ಮುಂದೂ ಅಲ್ಲದೆ, ಯಾವ ಒಂದು ಓಣಿಗೂ ಸೇರದೆ, ಶಾಲೆ ಮತ್ತು ನೀರಿನ ನಲ್ಲಿಯ ಹತ್ತಿರ ಇದ್ದರೆ ಅರ್ಧ ಕೆಲಸ ಆದಂತೆ. ಉಳಿದ ಅರ್ಧ ನಮ್ಮದು. ಹಿರಿಯರೇ, ಅದು ನಿಮ್ಮದೂ ಹೌದು.

ಜೂಜಿನ ಮಾತೂ ಬರುತ್ತದೆ, ಗೊತ್ತು. ಕಟ್ಟೆ ಮಾಡಿಕೊಟ್ಟರೆ ಇಸ್ಪೀಟು ಶುರುವಾಗುತ್ತದೆ ಎಂದು ಹೇಳುವವರಿದ್ದಾರೆ. ಧರ್ಮರಾಯನ ಕಥೆ ಕೇಳಿ ಬೆಳೆದ ನಾಡು ನಮ್ಮದು, ಪಣ ಎಲ್ಲಿಗೆ ಒಯ್ಯುತ್ತದೆ ಎಂದು ನಮಗೆ ಹೊಸದಾಗಿ ಹೇಳಬೇಕಿಲ್ಲ. ಆದರೆ ನಾನು ಕಂಡದ್ದು ಹೇಳುತ್ತೇನೆ. ಪರಿಹಾರದ ಹಣ ಕೈಗೆ ಬಂದ ವರ್ಷ ನಮ್ಮಲ್ಲಿ ಕೆಲವು ಮನೆ ಹಾಳಾದವು. ಆಡಿದ್ದು ಬಯಲಿನಲ್ಲಿ ಅಲ್ಲ, ಬಾಗಿಲು ಮುಚ್ಚಿದ ಕೋಣೆಗಳಲ್ಲಿ. ಈಗಿನ ಹುಡುಗರಿಗೆ ಕೋಣೆಯೂ ಬೇಡ, ಮೊಬೈಲ್ ಸಾಕು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಒಳ್ಳೆಯದಾಯಿತು. ಆದರೆ ಈ ಸಲದ ಪರಿಹಾರ ನಮ್ಮ ಕಾಲದ್ದಕ್ಕಿಂತ ಎಷ್ಟೋ ದೊಡ್ಡದು. ಕೆಲಸವಿಲ್ಲದ, ಹೊಲವೂ ಹೋದ ಹುಡುಗ ಸಂಜೆ ಎಲ್ಲಿ ಕೂರಬೇಕು? ನಾಲ್ಕು ಜನ ಹಿರಿಯರು, ಹತ್ತು ಮಕ್ಕಳು ನೋಡುತ್ತಿರುವ ಕಟ್ಟೆಯ ಮೇಲೆ ಮನೆ ಪಣಕ್ಕಿಟ್ಟವರನ್ನು ನಾನು ನೋಡಿಲ್ಲ. ಮೊಬೈಲಿನ ಲುಡೋ ಕೂಡ ನಮ್ಮ ಮನೆಯ ಕೂಸೇ. ನಮ್ಮ ಪಗಡಿ, ಪಚ್ಚೀಸಿಯನ್ನು ನೋಡಿ ಇಂಗ್ಲೆಂಡಿನವರು ಅದನ್ನು ಸರಳ ಮಾಡಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪೇಟೆಂಟ್ ತೆಗೆದುಕೊಂಡರು. ಅಲ್ಲಿಗೆ ಹೋಗಿ ಬಂದ ಆಟ ಈಗ ಎದುರು ಯಾರೂ ಇಲ್ಲದೆ ನಡೆಯುತ್ತಿದೆ.

ನಾನು ಕೇಳುವುದು ದೊಡ್ಡ ಖರ್ಚಿನದ್ದಲ್ಲ. ಸರ್ವೆ ಫಾರಂನಲ್ಲಿ ಒಂದು ಕಾಲಂ ಸೇರಿಸಿ, ಊರಿನ ಆಟದ ಜಾಗಗಳು ಎಂದು. ಆಟದ ಮನೆ ಕೊರೆದ ಕಲ್ಲು, ಗರಡಿ ಮನೆ, ಗುಂಡು ಕಲ್ಲು, ಕುಸ್ತಿ ಕಣ, ಎತ್ತುಗಳ ತೆರಬಂಡಿ ಓಡುವ ಬಯಲು, ಜೋಕಾಲಿ ಗಿಡ, ಅಗಸಿ. ಗಂಡಸರನ್ನು ಕೇಳಿದಷ್ಟೇ ಹೆಂಗಸರನ್ನೂ ಮಕ್ಕಳನ್ನೂ ಕೇಳಿ ಬರೆದುಕೊಳ್ಳಿ. ಎತ್ತಿ ತರಬಹುದಾದ ಕಲ್ಲುಗಳನ್ನು ಎತ್ತಿ ತನ್ನಿ. ಹೊಸ ಜಾಗದಲ್ಲಿ ಜೆಸಿಬಿ ಬಿಡುವ ಮೊದಲು ಅಲ್ಲಿರುವ ದೊಡ್ಡ ಬೇವು, ಹುಣಸೆ, ಆಲದ ಗಿಡಗಳಿಗೆ ಗುರುತು ಹಾಕಿ ಉಳಿಸಿ, ಅವುಗಳ ಸುತ್ತ ಊರು ಎಳೆಯಿರಿ. ಊರ ಹೊರಗೆ ಬೇಲಿ ಹಾಕಿ ಕೀಲಿ ಜಡಿದ ಕ್ರೀಡಾಂಗಣ ಇದಕ್ಕೆ ಬದಲಿ ಆಗುವುದಿಲ್ಲ. ಸಂತೆಗೆ ಹೋಗುವವರು, ನೀರು ತರುವವರು ಹಾದು ಹೋಗುವ ಜಾಗ ಬೇಕು. ಮುಳುಗಡೆಯಾದವರಿಗೆಂದು ಕಟ್ಟಿದ ಬಾಗಲಕೋಟೆಯ ನವನಗರದ ನಕ್ಷೆ ರೂಪಿಸಿದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ಮನೆಗಳ ನಡುವೆ ಆಕಾಶಕ್ಕೆ ತೆರೆದ ಜಾಗ ಇರಬೇಕು ಎಂದು ಜೀವನವಿಡೀ ಹೇಳಿದವರು. ಆದರೂ ಹೋಳಿ ಬಂದರೆ ನವನಗರದ ಜನ ಬಣ್ಣಕ್ಕೆ, ಹಲಗಿ ಬಾರಿಸುವುದಕ್ಕೆ ಹಳೇ ಊರಿನ ಓಣಿಗಳಿಗೇ ಹೋಗುತ್ತಾರೆ. ಅವರು ಏನನ್ನು ಹುಡುಕಿಕೊಂಡು ಹೋಗುತ್ತಾರೆ ಎಂದು ನಕ್ಷೆ ಬರೆಯುವವರು ಒಂದು ಸಲ ಅಲ್ಲಿ ನಿಂತು ನೋಡಬೇಕು.

ಕಲ್ಲು ಸಾಗಿಸುವುದು ಆಗದ ಕೆಲಸವೂ ಅಲ್ಲ. ಇದೇ ಕೃಷ್ಣೆಯ ಕೆಳಗೆ ನಾಗಾರ್ಜುನಸಾಗರ ಕಟ್ಟುವಾಗ ನಾಗಾರ್ಜುನಕೊಂಡದ ಬೌದ್ಧ ಅವಶೇಷಗಳನ್ನು ಎತ್ತಿ ಎತ್ತರದ ಜಾಗದಲ್ಲಿ ಮತ್ತೆ ಕಟ್ಟಿದರು. ಶ್ರೀಶೈಲ ಅಣೆಕಟ್ಟಿನ ನೀರು ಬರುವ ಮುಂಚೆ ಸಂಗಮೇಶ್ವರನ ಗುಡಿಯನ್ನು ಇಡಿಯಾಗಿ ಬಿಚ್ಚಿ ಅಲಂಪುರಕ್ಕೆ ತಂದರು. ನಮ್ಮ ಕೂಡಲಸಂಗಮದಲ್ಲೇ ಬಸವಣ್ಣನವರ ಐಕ್ಯಸ್ಥಳದ ಸುತ್ತ ಗೋಡೆ ಕಟ್ಟಿ ಹಿನ್ನೀರಿನ ನಡುವೆ ಉಳಿಸಿಕೊಂಡಿದ್ದೇವೆ. ಗುಡಿ ಗುಂಡಾರದ ಮುಂದೆ ನಾಲ್ಕು ಅಡಿಯ ಒಂದು ಚಪ್ಪಡಿ ಎಷ್ಟರದು?

ಮಳೆ ಕಡಿಮೆಯಾದ ವರ್ಷ ಬೇಸಿಗೆಯಲ್ಲಿ ಹಿನ್ನೀರು ಇಳಿಯುತ್ತದೆ. ಆಗ ಹಳೇ ಊರಿನ ಗೋಡೆಗಳ ಬುಡ, ಗುಡಿಯ ಕಂಬ ಕಾಣುತ್ತವೆ. ನಾನೂ ನನ್ನ ತಮ್ಮನೂ ಒಂದು ಸಲ ಮೇ ತಿಂಗಳಲ್ಲಿ ನಡೆದುಕೊಂಡು ಹೋಗಿದ್ದೆವು. ಬೇವಿನ ಗಿಡದ ಬೊಡ್ಡೆ ಒಣಗಿ ನಿಂತಿತ್ತು. ಕಟ್ಟೆಯ ಒಂದು ಬದಿ ಕುಸಿದಿತ್ತು. ಒಂದು ಗೇಣು ಕೆಸರು ಒಣಗಿ ಬಿರುಕು ಬಿಟ್ಟಿತ್ತು. ತಮ್ಮ ಕೈಯಿಂದ ಹೆಂಟೆ ಎತ್ತಿ ಹಾಕಿದ, ನಾನು ಸೆರಗಿನಿಂದ ಒರೆಸಿದೆ. ಹುಲಿ-ಕುರಿಯ ಚೂಪು ತುದಿ ಮೊದಲು ಕಂಡಿತು. ಚೌಕಾಬಾರದ ಒಂದು ಮೂಲೆ ಒಡೆದಿದೆ, ಉಳಿದ ಮನೆಗಳು ಹಾಗೇ ಇವೆ.

ಅದು ಎಲ್ಲಿದೆ ಎಂದು ನಾನು ತೋರಿಸುತ್ತೇನೆ. ಬರುವ ಬೇಸಿಗೆಯಲ್ಲಿ ನೀರು ಇಳಿದರೆ ಎರಡು ದಿನದ ಕೆಲಸ. ಅಲ್ಲಿಗೆ ಹೋಗಿ ಕಲ್ಲು ಎತ್ತಲು ನಿಮ್ಮ ಕಡೆಯಿಂದ ಒಂದು ಅನುಮತಿ ಪತ್ರ ಬೇಕು, ಊರಿನೊಳಗೆ ಇಡಲು ಒಂದು ಜಾಗ ಬೇಕು. ಟ್ರ್ಯಾಕ್ಟರ್, ಸರಪಳಿ, ಎಂಟು ಜನ ಗಟ್ಟಿ ಹುಡುಗರನ್ನು ನಾವೇ ಕರೆತರುತ್ತೇವೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಬಾಗಲಕೋಟೆ ಜಿಲ್ಲೆಯ ಒಬ್ಬ ಶಾಲಾ ಶಿಕ್ಷಕಿ